ಎರ್ರಿಯಪ್ಪನ ಹೆಸರು ಹುಡುಕಿದ ಹೇಮಾವತಿ

ಯಶವಂತನಗರದ ಗಣಿಯೊಂದರ ಗೇಟ್ ಆಫೀಸಿನಲ್ಲಿ ಹೇಮಾವತಿ ಹನ್ನೊಂದು ವರ್ಷದಿಂದ ಹಾಜರಿ ನೋಡಿಕೊಳ್ಳುತ್ತಾಳೆ. ಓದಿದ್ದು ಸಂಡೂರಿನಲ್ಲಿ, ಪಿಯುಸಿವರೆಗೆ. ಕಂಪ್ಯೂಟರ್ ರಿಪೇರಿಗೆ ಹೊಸಪೇಟೆಯಿಂದ ಬರುತ್ತಿದ್ದ ಸ್ಫೂರ್ತಿ ಒಮ್ಮೆ ಕಪ್ಪು ಪರದೆಯ ಮೇಲೆ ಒಂದೇ ಸಾಲು ಟೈಪ್ ಮಾಡಿ, ನೂರಾರು ಫೈಲುಗಳೊಳಗಿಂದ ಬೇಕಾದ ಪದವನ್ನು ಹೆಕ್ಕಿ ತೆಗೆದಳು. "ಇದನ್ನ ನನಗೂ ಕಲಿಸ್ರಿ" ಎಂದು ಹೇಮಾವತಿ ಪಟ್ಟು ಹಿಡಿದು ಕಲಿತಳು. ಆ ಸಾಲಿನ ಮೊದಲ ಪದ ಗ್ರೆಪ್, ಕಂಪ್ಯೂಟರಿಗೆ ಪದ ಹುಡುಕಲು ಹೇಳುವ ಆಜ್ಞೆ.

ಹೋದ ವರ್ಷ ಮರಿಯಮ್ಮನಹಳ್ಳಿಯ ಎರ್ರಿಯಪ್ಪ ಬಂದ. ಇದೇ ಗಣಿಯ ರಸ್ತೆಯ ಧೂಳಿಗೆ ನೀರು ಹೊಡೆಯುವ ಟ್ಯಾಂಕರ್ ಓಡಿಸಿದವನು. ಬೇರೆ ಕಂಪನಿಯಲ್ಲಿ ಬಸ್ ಡ್ರೈವರ್ ಕೆಲಸ ಸಿಗುವುದರಲ್ಲಿತ್ತು. ಐದು ವರ್ಷದ ಅನುಭವ ಪತ್ರ ಕೇಳಿದ್ದರು. ಅವನನ್ನು ಇಟ್ಟುಕೊಂಡಿದ್ದ ಗುತ್ತಿಗೆದಾರ ತೀರಿಹೋಗಿದ್ದ, ಹಾಗಾಗಿ ಗಣಿಯ ಹಾಜರಿ ನೋಡಿ ಪತ್ರ ಕೊಡಿ ಎಂದು ಕೇಳಿದ.

ಮ್ಯಾನೇಜರ್ ವಿಜಯಕುಮಾರ್ ಆಗುವುದಿಲ್ಲವೆಂದು ತಲೆಯಾಡಿಸಿದರು. "ಪಾಳಿಗೊಂದು ಹಾಜರಿ ಫೈಲು. ಹತ್ತು ಸಾವಿರದ ಹತ್ರ ಅದಾವ. ಯಾರು ತೆಗದು ನೋಡ್ತಾರ?"

"ತೆಗಿಯೋದು ಬ್ಯಾಡ್ರಿ ಸರ್. ಹತ್ತು ನಿಮಿಷ ಕೊಡ್ರಿ" ಎಂದಳು ಹೇಮಾವತಿ.

ಅವನ ಹೆಸರು ಹಾಕಿ ಹುಡುಕಿದಳು. ಸಿಕ್ಕಿದ್ದು ನಲವತ್ತೊಂದು ಸಾಲು, ಅಂದರೆ ನಲವತ್ತೊಂದು ದಿನ.

ಎರ್ರಿಯಪ್ಪನ ಮುಖ ಬಾಡಿತು. "ಏಳು ವರ್ಷ ದುಡದೀನ್ರೀ ಅಕ್ಕಾರ!"

"ಗೇಟಿನಾಗ ಹೆಸರು ಹೆಂಗ ಹೇಳ್ತಿದ್ರಿ? ಹಂಗ ಹೇಳ್ರಿ."

"ಯರ್ರಿಯಪ್ಪ."

ಹೇಮಾವತಿ ನಕ್ಕಳು. ಹಾಜರಿ ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ. ಕೇಳಿಸಿದ ಹಾಗೆ ಒಬ್ಬ ಗುಮಾಸ್ತ ಹೆಸರಿನ ಮೊದಲಿಗೆ 'ಇ' ಹಾಕಿದ್ದ, ಇನ್ನೊಬ್ಬ 'ವೈ', ಮತ್ತೊಬ್ಬ ಎರಡು 'ಆರ್' ಬದಲು ಒಂದೇ. ತಲೆ ಬಿಟ್ಟು ಬಾಲ ಹಿಡಿದರಾಯಿತು ಎಂದು ಅವಳು 'ರಿಯಪ್ಪ' ಅಂತಷ್ಟೇ ಹುಡುಕಿದಳು. ಸಾಲುಗಳು ಧೋ ಎಂದು ಸುರಿದವು.

ಇಣುಕಿ ನೋಡುತ್ತಿದ್ದ ವಿಜಯಕುಮಾರ್, "ಇದರಾಗ ಮರಿಯಪ್ಪಗೋಳೂ ಬಂದಾರಲ್ರೀ!" ಎಂದರು.

"ಅವ್ರನ್ನ ಹೊರಗ ಕಳಸೋಣ್ರಿ."

ಮರಿಯಪ್ಪ ಇರುವ ಸಾಲುಗಳನ್ನು ಬಿಡು ಎಂದು ಟೈಪ್ ಮಾಡಿದಳು. ಉಳಿದವುಗಳಲ್ಲಿ ಊರು ಮರಿಯಮ್ಮನಹಳ್ಳಿ, ಕೆಲಸ ಟ್ಯಾಂಕರ್ ಡ್ರೈವರ್ ಎಂದಿದ್ದವನ್ನಷ್ಟೇ ಇಟ್ಟುಕೊಂಡಳು. ಎಣಿಸಲು ಹೇಳಿದಾಗ ಪರದೆ ತೋರಿಸಿದ್ದು ಎರಡು ಸಾವಿರದ ಮೂವತ್ತೆಂಟು ದಿನ. ಏಳು ವರ್ಷ ಪೂರಾ.

ಎರ್ರಿಯಪ್ಪ ಪರದೆಯ ಹತ್ತಿರ ಬಂದು ಒಂದು ಸಾಲಿನ ಮೇಲೆ ಬೆರಳಿಟ್ಟ. "ಈ ತಾರೀಖು ಮಗಳ ಮದಿವಿ ಹಿಂದಿನ ದಿನ್ರಿ. ಅವತ್ತೂ ಬಂದಿದ್ದೆ" ಎಂದ.

ವಿಜಯಕುಮಾರ್ ಅಲ್ಲಲ್ಲಿ ಒಂದೆರಡು ದಿನದ ಫೈಲು ತಾವೇ ತೆಗೆದು ತಾಳೆ ನೋಡಿದರು. ಆಮೇಲೆ ಪತ್ರಕ್ಕೆ ಸಹಿ ಹಾಕಿದರು. ತಿಂಗಳೊಳಗೆ ಎರ್ರಿಯಪ್ಪ ಆ ಬೇರೆ ಕಂಪನಿಯ ಬಸ್ಸಿನ ಸ್ಟಿಯರಿಂಗ್ ಹಿಡಿದ.

ಪತ್ರಕ್ಕೆ ಸಹಿ ಬಿದ್ದ ದಿನವೇ ಹೇಮಾವತಿ ಮೂರೂ ಪಾಳಿಯ ಗುಮಾಸ್ತರನ್ನು ಕರೆದು ಕೂರಿಸಿ ಹೇಳಿದಳು: "ನಾಳಿಂದ ಗುರುತಿನ ಕಾರ್ಡಿನಾಗ ಹೆಂಗ ಐತೋ ಹಂಗ ಹೆಸರು ಹೊಡೀರಿ. ಕಿವಿ ನಂಬಬ್ಯಾಡ್ರಿ."