ಮಿಕ್ಸಿ ಹಾಕಿದಾಗಲೆಲ್ಲ ಬರುವ ಕಳ್ಳ

ನನ್ನ ಸಹಿ ನೋಡಿದವರು ಯಾವುದೋ ಬ್ಯಾಂಕಿನ ಅಧ್ಯಕ್ಷರದ್ದು ಅಂದುಕೊಳ್ಳಬೇಕು, ಹಾಗಿದೆ. ಮೊದಲ ಅಕ್ಷರಕ್ಕೆ ಆನೆಯ ಸೊಂಡಿಲು, ಕೊನೆಯ ಅಕ್ಷರಕ್ಕೆ ನವಿಲಿನ ಬಾಲ. ಡಿಪ್ಲೊಮಾ ನೋಟ್‌ಬುಕ್ಕುಗಳ ಹಿಂದಿನ ಪುಟಗಳಲ್ಲೆಲ್ಲ ಅದೇ ಅಭ್ಯಾಸ. ಇಷ್ಟೆಲ್ಲ ತಯಾರಿ ಒಂದು ತಗಡಿನ ಮುಚ್ಚಳಕ್ಕಾಗಿ.

ನಮ್ಮತ್ತೆ, ಅಂದರೆ ಅಪ್ಪನ ತಂಗಿ, ಮನೆಗಳಿಗೆ ಕಳ್ಳರ ಅಲಾರಂ ಹಾಕುತ್ತಾರೆ. ರಜೆಯಲ್ಲಿ ನಾನು ಕೇಬಲ್ ಸುರುಳಿಯನ್ನು ಹಾರದ ಹಾಗೆ ಕೊರಳಿಗೆ ಹಾಕಿಕೊಂಡು, ಅವರ ಸ್ಕೂಟರಿನ ಹಿಂದೆ ಕೂತು ರಾಮಕೃಷ್ಣನಗರದಿಂದ ಹೊರಡುತ್ತಿದ್ದೆ. ಅತ್ತೆಯದೊಂದು ಪದ್ಧತಿ: ತಂತಿ ಜೋಡಿಸಿದವರು ಅಲಾರಂ ಪೆಟ್ಟಿಗೆಯ ಮುಚ್ಚಳದ ಒಳಗಡೆ ಮಾರ್ಕರಿನಲ್ಲಿ ಸಹಿ ಹಾಕಿ ತಾರೀಕು ಬರೆಯಬೇಕು. ಅದೂ ಪರೀಕ್ಷೆ ಎಲ್ಲ ಮುಗಿದ ಮೇಲೆ. ಊರಿನ ಅದೆಷ್ಟೋ ಮನೆಗಳಲ್ಲಿ ಅತ್ತೆಯ ಸಹಿ ಇದೆ, ನನ್ನದು ಒಂದೂ ಇರಲಿಲ್ಲ. ಆ ಕೊರಗಿಗೆ ನನಗೆ ಊಟವೇ ಸೇರುತ್ತಿರಲಿಲ್ಲ. ಸರಿ, ಸೇರುತ್ತಿತ್ತು, ಮೂರನೇ ಸಲ ಬಡಿಸಿಕೊಳ್ಳುವಾಗ ಸ್ವಲ್ಪ ಬೇಜಾರಾಗುತ್ತಿತ್ತು.

ಕೊನೆಗೆ ಚಾಮರಾಜಪುರಂನಲ್ಲಿ ಒಂದು ಮನೆ ಸಿಕ್ಕಿತು. ಆ ಮನೆಯ ಆಂಟಿ ಸಾರಿನಪುಡಿ, ಚಟ್ನಿಪುಡಿ ಮಾಡಿ ಮಾರುತ್ತಾರೆ; ಗೇಟು ತೆಗೆಯುವ ಮೊದಲೇ ಸೀನು ಬರುತ್ತದೆ. ಎದುರುಮನೆಯ ಹಿತ್ತಾಳೆ ದೀಪ ಕಳುವಾದ ಮೇಲೆ ಅವರಿಗೂ ಅಲಾರಂ ಬೇಕೆನಿಸಿತ್ತು.

"ಬಾಗಿಲು ಕಿಟಕಿದೆಲ್ಲಾ ಮುಗೀತು. ಇನ್ನು ಪೆಟ್ಟಿಗೆಯಿಂದ ಕೀಪ್ಯಾಡ್‌ವರ್ಗೂ ನಿಂದೇ ಕಣೇ," ಎಂದರು ಅತ್ತೆ. "ಸರಿಯಾದ್ರೆ ಸೈನೂ ನಿಂದೇ. ಕೇಬಲ್ ಮಾತ್ರ ಅಟ್ಟದ ಮೇಲಿಂದ ತಗೊಂಡೋಗು. ಕರೆಂಟ್ ಪೈಪ್ ಹತ್ರಾನೂ ಸುಳೀಬೇಡ." ಹೇಳಿ ಬೇರೆ ಕೆಲಸಕ್ಕೆ ಹೊರಟುಹೋದರು.

ಕೀಪ್ಯಾಡ್ ಅಂದರೆ ಬಾಗಿಲ ಪಕ್ಕ ನಂಬರ್ ಒತ್ತುವ ಫಲಕ. ಅದಕ್ಕೂ ಪೆಟ್ಟಿಗೆಗೂ ನಡುವೆ ನಾಲ್ಕು ತಂತಿ: ಎರಡು ಕರೆಂಟಿಗೆ, ಎರಡು ಮಾತಿಗೆ. ಮದುವೆ ನಿಶ್ಚಯವಾದ ಜೋಡಿಯ ಹಾಗೆ ಇವೆರಡೂ ಇಡೀ ದಿನ ಮಾತಾಡುತ್ತಲೇ ಇರುತ್ತವೆ. "ಇದೀಯಾ?" "ಇದೀನಿ." "ಇದೀಯಾ?" "ಇದೀನಿ." ಉತ್ತರ ಬರದಿದ್ದರೆ ಕಳ್ಳ ತಂತಿ ಕತ್ತರಿಸಿದ ಎಂದುಕೊಂಡು ಪೆಟ್ಟಿಗೆ ಸೈರನ್ ಊದುತ್ತದೆ.

ಏಣಿ ಹತ್ತಿ ಅಟ್ಟದೊಳಗೆ ತಲೆ ಹಾಕಿದೆ. ಅಲ್ಲೊಂದು ಹಲ್ಲಿ ಇತ್ತು. ಉತ್ಪ್ರೇಕ್ಷೆ ನನಗೆ ಆಗದು, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ: ಅದು ಮೊಸಳೆಯ ಸ್ವಂತ ತಂಗಿ. ಇಳಿದುಬಿಟ್ಟೆ. ನೋಡಿದರೆ ಅಡುಗೆಮನೆಗೆ ಹೋಗುವ ಕರೆಂಟ್ ಪೈಪು ನನಗೆ ಬೇಕಾದ ದಾರಿಯಲ್ಲೇ ಹೋಗಿತ್ತು. ಒಳಗೆ ಜಾಗವೂ ಇತ್ತು. ಮೇನ್ ಆಫ್ ಮಾಡಿ ಕೇಬಲ್ ತೂರಿಸಿದೆ. ಎರಡು ಗಂಟೆಯ ಕೆಲಸ ಹತ್ತು ನಿಮಿಷಕ್ಕೆ ಮುಗಿಯಿತು.

ಜೋಡಣೆಯಲ್ಲಿ ಮಾತ್ರ ನಾನು ನಿಜವಾಗಿ ಗಟ್ಟಿ. ಅಕ್ಕಿಕಾಳಿನಷ್ಟೇ ತಾಮ್ರ ಕಾಣುವಂತೆ ತಂತಿಯ ಸಿಪ್ಪೆ ಸುಲಿದು, ಒಂದು ಎಳೆಯೂ ಹೊರಗೆ ಇಣುಕದಂತೆ ಹೊಸೆದು, ಸ್ಕ್ರೂ ಬಿಗಿದು, ಒಂದೊಂದನ್ನೂ ಎಳೆದು ನೋಡಿದೆ. ಅಕ್ಕಸಾಲಿಗರು ಕಂಡಿದ್ದರೆ ನಾಚಿ ಅಂಗಡಿ ಮುಚ್ಚುತ್ತಿದ್ದರು. ಕೀಪ್ಯಾಡಿನಲ್ಲಿ ಹಸಿರು ದೀಪ ಹತ್ತಿತು. ಇದಕ್ಕಿಂತ ಪರೀಕ್ಷೆ ಇನ್ನೇನು? ಸಹಿ ಹಾಕಿದೆ. ನವಿಲಿನ ಬಾಲ ಮುಚ್ಚಳದ ಅಂಚು ಮುಟ್ಟಿತು. ತಾರೀಕು ಬರೆದು, ಆಂಟಿ ಕೊಟ್ಟ ಕೋಡುಬಳೆ ತಿಂದು, ಅತ್ತೆಗೆ ಫೋನಿನಲ್ಲಿ "ಗ್ರೀನ್!" ಎಂದು ಕೂಗಿದೆ.

ಮಾರನೆಯ ಬೆಳಿಗ್ಗೆ ಅತ್ತೆಯ ಫೋನ್ ಬಡಿದುಕೊಂಡಿತು. ಆಂಟಿಯ ದನಿ ಮೂರು ಮನೆಗೆ ಕೇಳುವಂತಿತ್ತು. "ಏನ್ರೀ ಇದು, ನಾನ್ ಮಿಕ್ಸಿ ಹಾಕ್ದಾಗ್ಲೆಲ್ಲಾ ಕಳ್ಳ ಬರ್ತಾನಾ? ಧನಿಯಾ ಒಂದ್ ಸುತ್ತು ತಿರುಗೋಷ್ಟರಲ್ಲಿ ಬೀದಿ ಜನ ಎಲ್ಲಾ ಗೇಟ್ ಹತ್ರ ಬಂದ್ಬುಟ್ರು ಕಣ್ರೀ!"

ಹೋದೆವು. ಅತ್ತೆ ಮುಚ್ಚಳ ತೆಗೆದರು, ಸಹಿ ನೋಡಿದರು. ಒಂದೊಂದೇ ತಂತಿ ಎಳೆದು ನೋಡಿದರು. ಒಂದೂ ಅಲುಗಲಿಲ್ಲ.

"ನೋಡಿದ್ರಾ ಅತ್ತೆ, ಬಂಗಾರ!"

"ಜೋಡ್ಸಿರೋದು ಬಂಗಾರವೇ. ಎಳ್ದಿದ್ದು ಎಲ್ಲಿಂದ?"

"ಅಟ್ಟದಿಂದ," ಎಂದೆ, ಕಣ್ಣು ಮಿಟುಕಿಸದೆ.

ಅತ್ತೆ ವಾದ ಮಾಡಲಿಲ್ಲ. ಬೇರೊಂದು ಕೇಬಲನ್ನು ನೆಲದ ಮೇಲೆ ಹಾಸಿ ಪೆಟ್ಟಿಗೆಗೂ ಕೀಪ್ಯಾಡಿಗೂ ಕಟ್ಟಿದರು. "ಮಿಕ್ಸಿ ಹಾಕಿ ಮೇಡಂ." ಮಿಕ್ಸಿ ಗುರ್ರೆಂದಿತು, ಸೈರನ್ ತೆಪ್ಪಗಿತ್ತು. ಮತ್ತೆ ನನ್ನ ಕೇಬಲನ್ನೇ ಜೋಡಿಸಿದರು. ಮಿಕ್ಸಿ ಗುರ್ರೆಂದಿತು, ಸ್ವಲ್ಪ ಹೊತ್ತಿಗೇ ಸೈರನ್ ಇಡೀ ಬೀದಿಗೆ ಕಿರುಚಿತು.

"ಕರೆಂಟ್ ಪೈಪೊಳಗೆ ತೂರ್ಸಿದೀಯ ನೀನು," ಎಂದರು ಅತ್ತೆ. "ಪಕ್ಕದ ಮಿಕ್ಸಿ ಕರೆಂಟಿನ ಗದ್ದಲದಲ್ಲಿ ಪಾಪ ಇವಕ್ಕೆ ಒಂದರ ಮಾತು ಒಂದಕ್ಕೆ ಕೇಳುಸ್ತಿಲ್ಲ."

ನಾನು ಬಾಯಿ ತೆಗೆಯುವಷ್ಟರಲ್ಲಿ ಅಟ್ಟದಿಂದ ಕೇಳಿಸಿತು: ಲೊಚ್, ಲೊಚ್, ಲೊಚ್.

ಆಂಟಿ ಬೆರಳಿನಿಂದ ಮೇಜು ಕುಟ್ಟಿದರು. "ಕೃಷ್ಣ ಕೃಷ್ಣ! ನೋಡಿ, ಹಲ್ಲೀನೂ ಹೌದು ಅಂತು."

ಯಾರಿಗೆ ಹೆದರಿ ಓಡಿದ್ದೆನೋ ಅದೇ ಬಂದು ಸಾಕ್ಷಿ ಹೇಳಿದರೆ ಇನ್ನೇನು ಮಾಡುವುದು? "ಪೈಪೇ ಅತ್ತೆ. ಹಲ್ಲಿಗೆ ಹೆದರ್ಕೊಂಡೆ."

"ಹೆದ್ರಿದ್ದು ಬಿಡು. ಪೈಪೊಳಗೆ ಸಿಪ್ಪೆ ಸವೆದು ಕೀಪ್ಯಾಡ್‌ಗೆ ಕರೆಂಟ್ ಬಂದಿದ್ರೆ? ಇವ್ರು ಬೆರಳಿಡೋ ಜಾಗ ಕಣೇ ಅದು."

ಆ ಮಾತಿಗೆ ನನ್ನ ಹತ್ತಿರ ಜೋಕ್ ಇರಲಿಲ್ಲ. ಈಗಲೂ ಇಲ್ಲ.

ಅಟ್ಟ ಹತ್ತಿದೆ. ಹಲ್ಲಿ ನನ್ನ ಕಿರುಬೆರಳಿನಷ್ಟಿತ್ತು, ರಾತ್ರೋರಾತ್ರಿ ಸೊರಗಿರಬೇಕು. ಎರಡೂವರೆ ಗಂಟೆ ತೆವಳಿ, ಹೊಸ ಕೇಬಲ್ ಎಳೆದು ಕೆಳಗಿಳಿದೆ. ನನ್ನ ತಲೆಯ ಮೇಲಿನ ಜೇಡರಬಲೆ ನೋಡಿ ಆಂಟಿ, "ಅಯ್ಯೋ, ಹುಡ್ಗಿಗೆ ಒಂದೇ ದಿನಕ್ಕೆ ಕೂದ್ಲು ನರೆತೋಯ್ತಲ್ರೀ!" ಎಂದು ನಕ್ಕರು. ಮತ್ತೆ ಸುಲಿದೆ, ಬಿಗಿದೆ, ಎಳೆದು ನೋಡಿದೆ. ಧನಿಯಾ ತಿರುಗಿತು, ಮೆಣಸಿನಕಾಯಿ ತಿರುಗಿತು, ಕೊಬ್ಬರಿ ತಿರುಗಿತು. ಮೂವರೂ ಸೀನಿದೆವು. ಹಸಿರು ದೀಪ ಕದಲಲಿಲ್ಲ. ಆಂಟಿ ಒಂದು ಪೊಟ್ಟಣ ಚಟ್ನಿಪುಡಿ ನನ್ನ ಕೈಗಿಟ್ಟರು.

"ಥಿನ್ನರ್ ಕೊಡಿ ಅತ್ತೆ, ಆ ಸೈನ್ ಅಳಿಸ್ಬುಡ್ತೀನಿ."

"ಯಾಕೆ? ಜೋಡ್ಸಿದ್ದು ನೀನೇ ತಾನೆ? ಇರ್ಲಿ ಬಿಡು. ಕೆಳಗೆ ಇವತ್ತಿನ ತಾರೀಕು ಹಾಕು."

ಜಾಗವೆಲ್ಲಿ? ನವಿಲು ಎಲ್ಲವನ್ನೂ ತಿಂದಿತ್ತು. ಬಾಲದ ಅಡಿಯಲ್ಲಿ ಸಾಸಿವೆಕಾಳಿನಷ್ಟು ಪುಟ್ಟದಾಗಿ ಎರಡನೇ ತಾರೀಕು ಬರೆದೆ. ಮುಂದೆ ಆ ಮುಚ್ಚಳ ತೆಗೆಯುವ ಯಾರೇ ಆಗಲಿ, ಒಂದೇ ಸಹಿಗೆ ಎರಡು ತಾರೀಕು ಕಂಡರೆ ನಡೆದದ್ದೆಲ್ಲ ತಿಳಿದುಕೊಳ್ಳುತ್ತಾರೆ. ಗೆಳತಿಯರಿಗೆ ಮಾತ್ರ, ಎರಡು ದಿನ ಹಿಡಿಯುವಷ್ಟು ದೊಡ್ಡ ಮನೆ ಅಂತ ಹೇಳಿದ್ದೇನೆ.