ಥೋವಾ ತಂದ ದೊಡ್ಡ ಟಿವಿ

ಥೋವಾಗೆ ಚಿಂತೆ ಮಾಡಲು ಕಾರಣ ಬೇಕಿಲ್ಲ. ನಮ್ಮ ಸಾ ಡೆಕ್ ಊರಿನ ಮಾರುಕಟ್ಟೆಯಲ್ಲಿ ಅವಳು ಅಕ್ಕಿ ಶಾವಿಗೆಯ ಸಾರು ಮಾರುತ್ತಾಳೆ, ಪಕ್ಕದಲ್ಲೇ ನಾನು ಒಣಮೀನು ಮಾರುತ್ತೇನೆ. ಗಿರಾಕಿ ಬಟ್ಟಲು ಖಾಲಿ ಮಾಡಿ ಎದ್ದರೆ ‘ಹೊಟ್ಟೆ ತುಂಬಲಿಲ್ಲವೇನೋ’ ಎನ್ನುತ್ತಾಳೆ. ಅರ್ಧ ಬಿಟ್ಟು ಎದ್ದರೆ ‘ಉಪ್ಪು ಹೆಚ್ಚಾಯಿತೇನೋ’ ಎನ್ನುತ್ತಾಳೆ. ಮಳೆ ಬಂದರೆ ಒಂದು ಚಿಂತೆ, ಬಾರದಿದ್ದರೆ ಇನ್ನೊಂದು. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಆದರೂ ಅವಳು ಬಾರದ ದಿನ ನನಗೆ ವ್ಯಾಪಾರ ಮಾಡುವ ಮನಸ್ಸೇ ಇರುವುದಿಲ್ಲ.

ಆ ವಾರ ಅವಳಿಗೆ ಟಿವಿಯ ಚಿಂತೆ ಹತ್ತಿತ್ತು. ಈ ಸಲ ಕಾರಣವೂ ಇತ್ತು ಅನ್ನಬೇಕು.

ಅವಳ ಅತ್ತೆಗೆ ಕಣ್ಣಿನ ನಡುಭಾಗ ಹೋಗಿದೆ. ನಮ್ಮಲ್ಲಿ ಸೊಸೆ ಅತ್ತೆಯನ್ನು ‘ಮಾ’ ಎಂದೇ ಕರೆಯುವುದು. ಓಣಿಗೆಲ್ಲ ಆಕೆ ಮಾ. ಪೂರ್ತಿ ಕುರುಡಲ್ಲ. ಯಾವ ಕಡೆ ನೋಡಿದರೂ ನಟ್ಟ ನಡುವೆ ಕಪ್ಪು ಹೊಗೆ ಕವಿದ ಹಾಗಿರುತ್ತದಂತೆ, ಅಂಚಿನಲ್ಲಿ ಇರುವುದು ಮಾತ್ರ ಕಾಣುತ್ತದಂತೆ. ನನ್ನ ಮುಖ ನೋಡಬೇಕಾದರೆ ನನ್ನ ಭುಜದಾಚೆ ಎಲ್ಲೋ ದಿಟ್ಟಿಸುತ್ತಾರೆ. ಗೊತ್ತಿಲ್ಲದವರು ಮುದುಕಿಗೆ ಎಷ್ಟು ಜಂಬ ಅಂದುಕೊಳ್ಳುತ್ತಾರೆ. ಉಳಿದ ದೃಷ್ಟಿಯೂ ಬರಬರುತ್ತಾ ಮಸುಕಾಗುತ್ತದೆ ಎಂದು ವೈದ್ಯರು ಹೇಳಿಬಿಟ್ಟಿದ್ದರು.

ಮಾಗೆ ಒಬ್ಬಳೇ ಮಗಳು. ಮಕ್ಕಳಲ್ಲಿ ಕಿರಿಯವಳಾದ್ದರಿಂದ ಎಲ್ಲರ ಬಾಯಲ್ಲೂ ಊತ್, ನಮ್ಮಲ್ಲಿ ಕೊನೆಯ ಮಗುವಿಗೆ ಹಾಗನ್ನುತ್ತಾರೆ. ಚಿಕ್ಕ ವಯಸ್ಸಿನಲ್ಲೇ ಹಾಡುನಾಟಕದ ಮಂಡಳಿ ಸೇರಿ ಅವರ ದೋಣಿ ಹತ್ತಿ ಹೋದಳು. ಅವತ್ತು ಮಾ ಆಡಿದ ಮಾತು ಇಡೀ ಓಣಿಗೆ ಕೇಳಿಸಿತ್ತು: “ನೀನು ಮುಖಕ್ಕೆ ಬಣ್ಣ ಬಳ್ಕೊಂಡು ಕುಣಿಯೋದು ನೋಡೋಕೆ ನನಗೆ ಕಣ್ಣಿಲ್ಲ.” ಜಗಳ ಎಂದೋ ಮುಗಿಯಿತು. ಊತ್ ಹೊಸ ವರ್ಷಕ್ಕೆ ಬರುತ್ತಾಳೆ, ತಾಯಿಯ ಕಾಲೊತ್ತಿ ಹೋಗುತ್ತಾಳೆ. ಮಾ ಮಾತ್ರ ಒಮ್ಮೆಯೂ ಅವಳ ನಾಟಕ ನೋಡಲಿಲ್ಲ. ಮೊದಲು ಹಟ, ಆಮೇಲೆ ನಾಚಿಕೆ. ನೋಡುವ ಮನಸ್ಸು ಬರುವಷ್ಟರಲ್ಲಿ ಕಣ್ಣು ಹೋಯಿತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ.

ಈಗ ಊತ್‌ಳ ಮಂಡಳಿಯ ನಾಟಕ ಭಾನುವಾರ ಸಂಜೆ ಟಿವಿಯಲ್ಲಿ ಬರುವುದಿತ್ತು. ರಾಣಿಯ ಹಿಂದೆ ಬೀಸಣಿಗೆ ಹಿಡಿದು ನಿಲ್ಲುವ ದಾಸಿಯ ಪಾತ್ರ. ಕೊನೆಗೆ ಒಂದೇ ಒಂದು ಸಾಲು ಹಾಡು. ಮನೆಯಲ್ಲಿದ್ದದ್ದು ಪುಟ್ಟ ಹಳೇ ಟಿವಿ, ಅದರಲ್ಲಿ ರಾಣಿಯೇ ಹೆಬ್ಬೆರಳಷ್ಟು. ಮಾ ಬಟಾಣಿ ಸುಲಿಯುತ್ತಾ, ಯಾರಿಗೋ ಎಂಬಂತೆ ಅಂದರಂತೆ: “ದೊಡ್ಡ ಟಿವಿ ಇದ್ದಿದ್ರೆ ಕಾಣ್ತಿದ್ಲೇನೋ.”

ಸೊಸೆಯಾಗಿ ಬಂದಾಗಿನಿಂದ ಮಾ ತನ್ನಲ್ಲಿ ಏನನ್ನೂ ಕೇಳಿರಲಿಲ್ಲ ಎಂದು ಥೋವಾ ನನ್ನ ಮುಂದೆ ಅತ್ತಳು. ಇದ್ದೊಂದು ಚಿನ್ನದ ಉಂಗುರ ಮಾರಿ, ಬಂದ ಹಣವನ್ನು ಒಳಜೇಬಿನಲ್ಲಿಟ್ಟು ಪಿನ್ನು ಚುಚ್ಚಿಕೊಂಡಳು. ಗಂಡ ಹಿಯೆವ್ ಮರಳಿನ ದೋಣಿಯಲ್ಲಿ ಕೆಲಸಕ್ಕೆ ಹೋಗುವವನು. “ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂದಷ್ಟೇ ಹೇಳಿ ಹೋಗಿದ್ದ. ಆ ಒಂದು ಮಾತು ಸಾಕಾಯಿತು ಇವಳಿಗೆ. ವಾರವಿಡೀ ಅಂಗಡಿ ಅಂಗಡಿಯ ಗಾಜಿನಾಚೆ ನಿಂತು ನೋಡಿದಳು, ಒಳಗೆ ಕಾಲಿಡಲಿಲ್ಲ. ದೊಡ್ಡದಕ್ಕೆ ಹಣ ಸಾಲದು, ಚಿಕ್ಕದರಲ್ಲಿ ಮಾಗೆ ಕಾಣದು, ಅಗ್ಗದ್ದು ಬೇಗ ಕೆಟ್ಟರೆ ಗಂಡ ಬಿಡುವುದಿಲ್ಲ. ಹೀಗೇ ಭಾನುವಾರ ಬಂದುಬಿಟ್ಟಿತು.

ಟಿವಿ ಮಾರುವ ಖಾಂಗ್ ತನ್ನ ಅಂಗಡಿಯ ಗಾಜಿನೊಳಗೆ ಒಂದು ದೊಡ್ಡ ಟಿವಿ ಇಟ್ಟಿದ್ದ. ಗಿರಾಕಿಗಳಿಗೆ ತೋರಿಸಲೆಂದು ಓಡಿಸಿದ್ದು, ಅದಕ್ಕೇ ಬೆಲೆ ಇಳಿಸಿದ್ದ. ಥೋವಾಳ ಹಣಕ್ಕೆ ಸರಿಯಾಗಿ ಕೂರುತ್ತಿತ್ತು. ಬೆಳಿಗ್ಗೆ ಅವನು ಬಾಗಿಲು ತೆಗೆಯುವ ಹೊತ್ತಿಗೇ ಅವಳ ಸ್ಕೂಟರಿನಲ್ಲಿ ಹೋದೆವು. ಹೊಸಿಲ ಹತ್ತಿರ ಹೋದವಳು ಗಕ್ಕನೆ ನಿಂತಳು.

“ಅಕ್ಕ, ಇನ್ನೂ ಯಾರೂ ಬಂದಿಲ್ಲ. ನಾವೇ ಬೋಣಿ.”

“ಅದಕ್ಕೇನೀಗ?”

“ಒಳಗೆ ಹೋಗಿ ಬೆಲೆ ಕೇಳಿ, ತಗೊಳ್ದೆ ಬಂದ್ರೆ? ಇನ್ನೊಂದು ಅಂಗಡೀಲಿ ವಿಚಾರಿಸ್ಬೇಕಲ್ವಾ ನಾನು. ಅವನ ಇಡೀ ದಿನ ಹಾಳಾಗುತ್ತೆ.”

ನಾವು ಮಾರುಕಟ್ಟೆಯವರು, ಬೋಣಿ ಅಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮೊದಲ ಗಿರಾಕಿ ಚೌಕಾಸಿ ಮಾಡಿ ಬರಿಗೈಲಿ ಹೋದರೆ ಅವನ ಬೆನ್ನ ಹಿಂದೆಯೇ ಕಾಗದಕ್ಕೆ ಬೆಂಕಿ ಹಚ್ಚಿ ಅಂಗಡಿಗೆ ನಿವಾಳಿಸುತ್ತೇವೆ. ಥೋವಾ ಒಮ್ಮೆ ಶಾಲೆಯ ಮೇಷ್ಟರ ಹಿಂದೆಯೇ ಹಾಗೆ ನಿವಾಳಿಸಿದ್ದಳು. ಈಗ ತನ್ನ ಬೆನ್ನ ಹಿಂದೆ ಖಾಂಗ್ ಕಾಗದ ಸುಟ್ಟಾನೆಂಬ ಭಯ.

“ಹಾಗಾದ್ರೆ ತಗೊಂಡೇ ಬಿಡು. ನಿನ್ನ ಹಣಕ್ಕೆ ಇದಕ್ಕಿಂತ ಒಳ್ಳೇದು ಸಿಕ್ಕಲ್ಲ.”

“ಪಕ್ಕದ ಬೀದೀಲಿ ಸಿಕ್ಕಿದ್ರೆ? ಬೇರೆ ಯಾರಾದ್ರೂ ಬೋಣಿ ಮಾಡ್ಲಿ, ಆಮೇಲೆ ಹೋಗೋಣ.”

ರಸ್ತೆಯಾಚೆ ಬಾದಾಮಿ ಮರದ ಕೆಳಗೆ ನಿಂತೆವು. ಅವಳು ಪಿನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ರಬ್ಬರ್ ಚಪ್ಪಲಿ ಹಾಕಿಕೊಂಡ ಒಬ್ಬ ಮನುಷ್ಯ ಒಳಗೆ ಹೋದ. ಥೋವಾಗೆ ಉಸಿರು ಬಂತು. ಅವನು ಚೌಕಾಸಿಯನ್ನೂ ಮಾಡಲಿಲ್ಲ. ಆ ದೊಡ್ಡ ಟಿವಿಯನ್ನೇ ಹೊರಗೆ ತರಿಸಿ, ಬೈಕಿನ ಹಿಂದೆ ಹಗ್ಗ ಬಿಗಿಸಿ, ನಮ್ಮ ಮುಂದೆಯೇ ಹೊರಟುಹೋದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ನಿನ್ನ ಶಾಸ್ತ್ರಕ್ಕಿಷ್ಟು ಬೆಂಕಿ ಹಾಕ. ಬೇರೆಯವರ ಬೋಣಿ ಕಾಯೋಕೆ ಹೋಗಿ ನಿನ್ನ ಅತ್ತೆ ಆಸೇನೇ ಸುಟ್ಯಲ್ಲೇ,” ಎಂದೆ. ಅನ್ನಬಾರದಿತ್ತು. ಅವಳ ಮುಖ ಸುಣ್ಣದ ಹಾಗಾಯಿತು.

ಆಮೇಲೆ ಒಳಗೆ ಹೋದೆವು. ಖಾಂಗ್ ಒಳ್ಳೆಯವನು. ಕತೆ ಕೇಳಿ ತಲೆ ಕೆರೆದುಕೊಂಡ. “ಅಕ್ಕ, ಆ ಸೈಜು ಆ ಬೆಲೆಗೆ ಇನ್ನಿಲ್ಲ. ಈ ಚಿಕ್ಕದು ನೋಡಿ, ಕನ್ನಡಿ ಇದ್ದಂಗಿದೆ. ಇಲ್ಲಾಂದ್ರೆ ಹಿಂದ್ಗಡೆ ಒಂದು ದೊಡ್ಡದಿದೆ. ಲಾರೀಲಿ ಬರುವಾಗ ಏಟು ಬಿದ್ದಿದೆ. ಗುರುತಿರೋರಿಗೆ ಅದನ್ನ ತೋರ್ಸೋಕೇ ನಾಚಿಕೆ ನನಗೆ.”

ಹಾಕಿ ತೋರಿಸಿದ. ಅಂಚೆಲ್ಲ ಚೊಕ್ಕವಾಗಿತ್ತು, ಬಣ್ಣ ಚೆನ್ನಾಗಿತ್ತು. ನಟ್ಟ ನಡುವೆ ಮಾತ್ರ ಅಂಗೈಯಗಲದ ಕಪ್ಪು ಮಚ್ಚೆ. ವಾರ್ತೆ ಓದುವ ಹುಡುಗಿಗೆ ಮುಖವೇ ಇರಲಿಲ್ಲ. ನಾನು ಚಿಕ್ಕದೇ ತಗೋ ಎಂದೆ, ಮಸಿ ಬಡಿದ ಟಿವಿಯನ್ನು ತೀರಿಹೋದ ಹಿರಿಯರ ಪೂಜೆಯ ಪೀಠದ ಕೆಳಗೆ ಇಡುತ್ತೀಯಾ ಎಂದು ಗದರಿದೆ. ಅವಳು ಚಿಕ್ಕದರ ಮುಂದೆ ನಿಂತಳು, ದೊಡ್ಡದರ ಮುಂದೆ ನಿಂತಳು, ಮತ್ತೆ ಚಿಕ್ಕದರ ಮುಂದೆ. ಬೆವರು ಕುತ್ತಿಗೆಗಿಳಿಯುತ್ತಿತ್ತು.

ಕೊನೆಗೆ, “ಮಾ ದೊಡ್ಡದು ಅಂದ್ರು,” ಎಂದು ಪಿನ್ನು ಬಿಚ್ಚಿದಳು.

ಸ್ಕೂಟರಿನ ಹಿಂದೆ ಕೂತು ಆ ಟಿವಿಯನ್ನು ತಬ್ಬಿಕೊಂಡು ಸೇತುವೆ ದಾಟಿದ್ದು ನಾನು. ಗಾಳಿಗೆ ಅದು ಹಾಯಿಯ ಹಾಗೆ ಎಳೆಯುತ್ತಿತ್ತು. ಮುಂದೆ ಇವಳು ದಾರಿಯುದ್ದಕ್ಕೂ, “ನಮ್ಮನೆಯವರಿಗೆ ಗೊತ್ತಾದ್ರೆ ಏನಂತಾರಕ್ಕ, ಕೆಟ್ಟಿದ್ದು ತಂದ್ಲು ಅಂತಾರಲ್ವಾ,” ಎಂದು ಗೊಣಗುತ್ತಲೇ ಇದ್ದಳು.

ಸಂಜೆ ನಾಟಕ ಶುರುವಾಯಿತು. ಮಾ ಹೊಸ ಅಂಗಿ ತೊಟ್ಟು, ಕೂದಲು ಬಾಚಿ ತುರುಬು ಕಟ್ಟಿಕೊಂಡು, ಟಿವಿಯ ಎದುರಿಗೇ ಕೂತರು. ರಾಜ ಬಂದ, ಅವನಿಗೆ ತಲೆಯಿರಲಿಲ್ಲ. ರಾಣಿ ಬಂದಳು, ಅವಳಿಗೂ ಇಲ್ಲ. ಹಿಯೆವ್ ಹೆಂಡತಿಯ ಕಡೆ ತಿರುಗಿ, “ಏನೇ ಇದು? ಉಂಗುರ ಕೊಟ್ಟು ಇದನ್ನ ತಂದ್ಯಾ?” ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ. ಥೋವಾ ಅಂಗಿಯ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ನಾವೆಲ್ಲ ಆ ಹಾಳು ಮಚ್ಚೆಯನ್ನೇ ನೋಡುತ್ತಾ ಕೂತಿದ್ದೆವು. ಬೇರೇನೂ ಕಣ್ಣಿಗೆ ಬೀಳಲೊಲ್ಲದು.

“ಅಗೋ ಊತ್,” ಎಂದರು ಮಾ.

ಎಲ್ಲಿ ಎಂದೆವು.

“ಬಲಗಡೆ ತುದೀಲಿ, ಬೀಸಣಿಗೆ ಹಿಡ್ಕೊಂಡಿದಾಳಲ್ಲ. ಕಾಣಿಸ್ತಿಲ್ವಾ ನಿಮಗೆ? ಎಷ್ಟು ಸಣ್ಣಗಾಗಿದಾಳೆ ನೋಡು. ಊಟ ಹಾಕ್ತಾರೋ ಇಲ್ವೋ ಅವರು.”

ನಿಜವಾಗಿಯೂ ಅಲ್ಲೇ ಇದ್ದಳು, ಅಂಚಿಗೆ ಅಂಟಿಕೊಂಡು, ಮೊಳದುದ್ದ. ಕಣ್ಣಿದ್ದ ನಾವು ಯಾರೂ ನೋಡಿರಲಿಲ್ಲ. ಮಾ ಟಿವಿಯ ನಡುವಿಗೆ ದೃಷ್ಟಿ ನೆಟ್ಟು, ತುದಿಯಲ್ಲಿದ್ದ ಮಗಳನ್ನು ಕಣ್ತುಂಬ ನೋಡುತ್ತಿದ್ದರು. ಅವಳು ಬೀಸಣಿಗೆ ಆಡಿಸಿದರೆ ಇವರ ಕೈಯೂ ಮಡಿಲಲ್ಲಿ ಆಡುತ್ತಿತ್ತು. ಇಷ್ಟು ಸಾಕಿತ್ತು. ದೇವರೇ, ಇಲ್ಲಿಗೇ ಮುಗಿಯಲಿ ಎಂದು ನಾನು ಬೇಡಿಕೊಂಡೆ.

ಮುಗಿಯಲಿಲ್ಲ. ಊತ್‌ಳ ಹಾಡಿನ ಸಾಲು ಬಂತು. ಬೀಸಣಿಗೆ ಕೆಳಗಿಟ್ಟು ಅವಳು ನಡೆದು ಬಂದಳು, ನಡುವಿಗೆ, ನೆಟ್ಟಗೆ ಮಚ್ಚೆಯೊಳಗೆ. ಮುಖ ಮಾಯವಾಯಿತು. ಧ್ವನಿ ಮಾತ್ರ ಉಳಿಯಿತು. ಮಾ ತಲೆಯನ್ನು ಆ ಕಡೆ ವಾಲಿಸಿದರು, ಈ ಕಡೆ ವಾಲಿಸಿದರು, ಕಣ್ಣುಜ್ಜಿಕೊಂಡರು, ಗೋಡೆಯ ಕಡೆ ದಿಟ್ಟಿಸಿದರು.

ಥೋವಾಗೆ ತಡೆಯಲಾಗಲಿಲ್ಲ. ಮಾ ಕಾಲ ಹತ್ತಿರ ಕುಸಿದು ಕೂತು, “ಮಾ, ತಪ್ಪಾಯ್ತು ಮಾ. ಟಿವಿ…” ಎಂದಳು.

“ಟಿವಿಗೇನಾಗಿದೆ, ಚೆನ್ನಾಗೇ ಇದೆ. ಕೆಟ್ಟಿರೋದು ನನ್ನ ಕಣ್ಣು,” ಎಂದು ಮಾ ಅವಳ ಬಾಯಿಯ ಮೇಲೆ ಕೈಯಿಟ್ಟರು. “ಸುಮ್ನಿರು. ಮಗು ಹಾಡ್ತಿದೆ.”

ಹಿಯೆವ್ ಏನೋ ಹೇಳಲು ಹೋದ, ನಾನು ಅವನ ಮೊಣಕಾಲು ಜಿಗುಟಿದೆ. ಸಾಲು ಮುಗಿಯಿತು. ಊತ್ ಹಿಂದೆ ಸರಿದು, ತುದಿಗೆ ಹೋಗಿ, ಬೀಸಣಿಗೆ ಎತ್ತಿಕೊಂಡಳು. “ಅಗೋ, ಬಂದ್ಲು,” ಎಂದರು ಮಾ.