ಐದು ನಕ್ಷತ್ರ ಕೇಳಿದ ವೆಬ್‌ಸೈಟು

ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಬೀಗ ಹಾಕಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ವಾಪಸು ಬಂದು ಎಳೆದು ನೋಡುವವನು ನಾನು. ತತ್ತ್ವಶಾಸ್ತ್ರ ಓದಿದ ಮೇಲೆ ಈ ಕಾಯಿಲೆ ಇನ್ನಷ್ಟು ಹೆಚ್ಚಿತು. ನ್ಯಾಯದರ್ಶನದ ನೈಯಾಯಿಕರು ಸ್ಮೃತಿಯನ್ನು, ಎಂದರೆ ನೆನಪನ್ನು, ಪ್ರಮಾಣದ ಸಾಲಿಗೇ ಸೇರಿಸುವುದಿಲ್ಲ ಎಂದು ತಿಳಿದಾಗ ನನ್ನ ಮರೆವಿಗೆ ಶಾಸ್ತ್ರದ ಬೆಂಬಲ ಬೇರೆ ಸಿಕ್ಕಿತು. ಆದರೂ ಒಂದು ವೆಬ್‌ಸೈಟು ‘ನಿಮ್ಮ ಅನುಭವ ಹೇಗಿತ್ತು?’ ಎಂದು ಕೇಳಿದಾಗ ಸುಳ್ಳು ಹೇಳುವಷ್ಟು ಮರೆವು ನನಗಿಲ್ಲ.

ಆ ಪ್ರಶ್ನೆ ಕೇಳಿಸಿದವನು ನನ್ನ ಸಹಪಾಠಿ ಶ್ರೀನಾಥ. ನಾವು ಓದಿದ ವಿಶ್ವವಿದ್ಯಾಲಯದಲ್ಲೇ ಈಗ ಪ್ರಾಧ್ಯಾಪಕ. ಅದರ ವೆಬ್‌ಸೈಟಿನ ಉಸ್ತುವಾರಿಯೂ ಅವನ ತಲೆಗೇ ಬಿದ್ದಿದೆ. ಯಾವುದೋ ಸಮಿತಿ ಪರಿಶೀಲನೆಗೆ ಬರುವುದಿತ್ತು. ಅಷ್ಟರೊಳಗೆ ಹಳೆಯ ವಿದ್ಯಾರ್ಥಿಗಳು ವೆಬ್‌ಸೈಟಿನ ಗುಣಮಟ್ಟ ಅಳೆದು ನಕ್ಷತ್ರ ಕೊಡಬೇಕಂತೆ.

“ಲೇ, ಐದು ಒತ್ತಿಬಿಡೋ. ಒಳಗೆಲ್ಲ ಹೋಗೋಕೆ ಹೋಗ್ಬೇಡ” ಎಂದ.

ಹೋಗಬೇಡ ಎಂದ ಮೇಲೆ ಹೋಗದಿರುವುದು ಹೇಗೆ? ನಾನು ಹೋಳೂರಿನಲ್ಲಿ ಟೊಮೇಟೊ ಬೆಳೆಯುವ ಮನೆಯಲ್ಲಿ ಹುಟ್ಟಿದವನು. ನಮ್ಮ ಕೋಲಾರದ ಮಂಡಿಯಲ್ಲಿ ಕ್ರೇಟಿನ ಮೇಲುಸಾಲಿನ ಹೊಳಪು ನೋಡಿ ಯಾರೂ ಬೆಲೆ ಕೂಗುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ, ತಳದ ಹಣ್ಣೊಂದನ್ನು ಎತ್ತಿ ಹಿಸುಕುತ್ತಾರೆ. ವೆಬ್‌ಸೈಟಿನ ಮೇಲುಸಾಲಿನಲ್ಲಿ ಒಂದಾದ ಮೇಲೊಂದು ಸರಿಯುವ ಫೋಟೋಗಳಲ್ಲಿ ಕುಲಪತಿಗಳು ದೀಪ ಬೆಳಗುತ್ತಿದ್ದರು, ಸಸಿ ನೆಡುತ್ತಿದ್ದರು, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ದೀಪ ಬೆಳಗುತ್ತಿದ್ದರು.

ತಳಕ್ಕೆ ಕೈ ಹಾಕುವ ಕಾರಣ ಆಂಧ್ರದ ಗಡಿಯ ನಂಗಲಿಯಿಂದ ಬಂತು. ಅಲ್ಲಿರುವ ನನ್ನ ಅಕ್ಕನ ಮಗಳು ಸುಮಾಗೆ ಅದೇ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಎಂ.ಎ.ಗೆ ಸೀಟು ಸಿಕ್ಕಿತ್ತು. ನಂಗಲಿಯಿಂದ ಮುಳಬಾಗಿಲು, ಅಲ್ಲಿಂದ ಕೋಲಾರ, ಕೋಲಾರದಿಂದ ಇನ್ನೊಂದು ಬಸ್ಸು. ದಿನಾ ಓಡಾಡುವ ಮಾತಲ್ಲ. ಹಾಸ್ಟೆಲ್ ಇದ್ದರೆ ಓದು, ಇಲ್ಲದಿದ್ದರೆ ಮನೆ ಎಂದು ಭಾವ ತೀರ್ಪು ಕೊಟ್ಟಿದ್ದರು.

“ಏಮ್ರಾ, ನೀನ್ ಓದಿದ್ ಜಾಗ ಅಲ್ವಾ? ಹೆಣ್ಮಕ್ಕಳ ಹಾಸ್ಟೆಲ್ಲು ಉಂದಾ ಲೇದಾ, ಅಷ್ಟ್ ಹೇಳು” ಎಂದಳು ಅಕ್ಕ ಫೋನಿನಲ್ಲಿ, ಗಡಿಯ ತೆಲುಗಿನಲ್ಲೇ ಇದೆಯೋ ಇಲ್ಲವೋ ಕೇಳುತ್ತ.

ಇದೆ, ಗ್ರಂಥಾಲಯದ ಹಿಂದೆ ಎಂದೆ. ಫೋನಿಟ್ಟ ಮರುಕ್ಷಣವೇ ಅನುಮಾನ. ಅಲ್ಲಿದ್ದದ್ದು ಹಾಸ್ಟೆಲ್ಲೋ, ಸೈಕಲ್ ಶೆಡ್ಡೋ? ವೆಬ್‌ಸೈಟು ತೆರೆದೆ. ಹಾಸ್ಟೆಲ್ ಎಂಬ ಪುಟದಲ್ಲಿ ‘ಶೀಘ್ರದಲ್ಲೇ’ ಎಂಬ ಒಂದೇ ಪದವಿತ್ತು. ಫೋಟೋಗಳ ಪುಟದಲ್ಲಿ ಹಾಸ್ಟೆಲ್ ಉದ್ಘಾಟನೆಯ ಚಿತ್ರವೇನೋ ಇತ್ತು. ಟೇಪು, ಕತ್ತರಿ, ಹಾರ ಹಾಕಿಸಿಕೊಂಡವರು ಎಲ್ಲ ಕಂಡರು. ಅವರ ಹಿಂದಿದ್ದ ಕಟ್ಟಡ ಮಾತ್ರ ಕಾಣಲಿಲ್ಲ. ಹುಡುಕು ಎಂದರೆ ಸೈಟು ಹಳೆಯ ಟೆಂಡರೊಂದನ್ನು ತಂದುಕೊಟ್ಟಿತು: ಮಂಚ ಖರೀದಿಗೆ. ಹೊಗೆಯಿದ್ದಲ್ಲಿ ಬೆಂಕಿ, ಮಂಚವಿದ್ದಲ್ಲಿ ಹಾಸ್ಟೆಲ್ ಎಂದು, ಕುರುಹಿನಿಂದ ಊಹಿಸಿ ತಿಳಿಯುವ ಅನುಮಾನಪ್ರಮಾಣದಿಂದ ಸಾಧಿಸಿದೆ. ಕೊಟ್ಟಿದ್ದ ನಂಬರಿಗೆ ಫೋನು ಮಾಡಿದರೆ ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂದಿತು ಒಂದು ಹೆಣ್ಣುದನಿ. ಅಷ್ಟು ಖಚಿತವಾಗಿ ನಾಸ್ತಿ ಎಂದವರನ್ನು ನಾನು ಯಾವ ದರ್ಶನದಲ್ಲೂ ಕಂಡಿರಲಿಲ್ಲ.

ಮಂಚದ ತರ್ಕವನ್ನು ಅಕ್ಕನಿಗೆ ಒಪ್ಪಿಸಿದೆ. ಅದು ಭಾವನ ಹತ್ತಿರ ನಡೆಯುವುದಿಲ್ಲ ಎಂದು ಅವಳು ಮರುದಿನವೇ ಮಗಳೊಡನೆ ಬಸ್ಸು ಹತ್ತಿದಳು. ಕೋಲಾರದಲ್ಲಿ ನಾನು ಸೇರಿಕೊಂಡೆ. ಹೋಗಿ ನೋಡಿದರೆ ಗ್ರಂಥಾಲಯದ ಹಿಂದೆ ಕ್ಯಾಂಟೀನಿತ್ತು.

“ಮಾಮ, ನೀವು ಇಲ್ಲೇ ಓದಿದ್ದು ತಾನೇ?” ಎಂದಳು ಸುಮಾ.

ಹಾಸ್ಟೆಲ್ಲು ಸಿಕ್ಕಿದ್ದು ಮೈದಾನದ ಆಚೆ. ಜಾಗ ಇದೆ, ಆದರೆ ಅರ್ಜಿ ವೆಬ್‌ಸೈಟಿನಲ್ಲೇ ಹಾಕಬೇಕು ಎಂದರು ವಾರ್ಡನ್. ನಾನು ನಿಟ್ಟುಸಿರಿಟ್ಟು ಹಿಂದಿರುಗುವವನಿದ್ದೆ. ಸುಮಾ ಕದಲಲಿಲ್ಲ.

“ಆ ಪುಟ ಎಲ್ಲಿದೆ ಅಂತ ನೀವೇ ತೋರಿಸಿಬಿಡಿ ಮೇಡಂ, ಇಲ್ಲೇ ತುಂಬ್ತೀನಿ.”

ವಾರ್ಡನ್ ತಮ್ಮ ಮೊಬೈಲಿನಲ್ಲಿ ಹುಡುಕಿದರು. ಕನ್ನಡಕ ಹಾಕಿಕೊಂಡು ಹುಡುಕಿದರು. ದೀಪ, ಸಸಿ, ಮತ್ತೆ ದೀಪ. ಕೊನೆಗೆ ನಕ್ಕು, ಬಿಳಿ ಹಾಳೆಯೊಂದನ್ನು ಮುಂದಿಟ್ಟು, “ಬರ್ಕೊಡಮ್ಮ” ಎಂದರು.

ವಾಪಸು ಬರುತ್ತ ಅಕ್ಕ, ಸುಮಾ ಇಬ್ಬರೂ ಕಾಫಿಗೆಂದು ನಮ್ಮ ಮನೆಗೆ ಬಂದಿದ್ದಾಗ ಶ್ರೀನಾಥನ ಫೋನು ಬಂತು. ಹಾಸ್ಟೆಲ್ ಸಿಕ್ಕಿದ್ದನ್ನು ಹೇಳಿದೆ. ಕೆಲಸ ಆಯಿತಲ್ಲ, ಇನ್ನು ಐದು ಒತ್ತಲು ಏನು ಕಷ್ಟ ಎಂದ.

“ಆಗಿದ್ದು ನಿನ್ನ ಸೈಟಿಂದಲ್ಲ ಕಣೋ, ಮೂರು ಬಸ್ಸಿಂದ” ಎಂದೆ.

ವಿದ್ಯಾಸಂಸ್ಥೆಯ ಮಾನದ ಪ್ರಶ್ನೆ ಎಂದ. ಮಾನ ಫೋಟೋದಲ್ಲಿರುವವರದಷ್ಟೇ ಅಲ್ಲ, ಬಸ್ಸಿನಲ್ಲಿ ನಿಂತು ಬಂದವರಿಗೂ ಒಂದಿಷ್ಟು ಇದೆ ಎಂದೆ. ನಿಜಕ್ಕೂ ಆ ಸೈಟನ್ನು ಬಳಸಬೇಕಾದವಳು ಸುಮಾ. ಅಳೆಯುವ ಹಕ್ಕೂ ಅವಳದೇ ಎಂದು, ಕರೆಯನ್ನು ಸ್ಪೀಕರಿಗೆ ಹಾಕಿ, ನಕ್ಷತ್ರದ ಪುಟ ತೆರೆದು ಮೊಬೈಲನ್ನು ಅವಳ ಕೈಗಿಟ್ಟೆ. ಸ್ಪೀಕರಿನಲ್ಲಿ ಶ್ರೀನಾಥನ ದನಿ ಮೆತ್ತಗಾಯಿತು.

“ಬೇಡಮ್ಮ, ಬರೆದವರ ಹೆಸರು ಕಾಣಿಸುತ್ತೆ. ನಾಳೆ ಇಲ್ಲೇ ಓದ್ಬೇಕಾದವಳು ನೀನು.”

“ಕಾಣಿಸ್ಲಿ ಬಿಡಿ ಸಾರ್” ಎಂದಳು ಅಕ್ಕ, ಲೋಟ ಕೆಳಗಿಡುತ್ತ.

ಸುಮಾ ಒಂದೇ ನಕ್ಷತ್ರ ಒತ್ತಿ, ಅನಿಸಿಕೆಯ ಜಾಗದಲ್ಲಿ ಬರೆದಳು: ‘ಹಾಸ್ಟೆಲ್ ಇದೆ. ಅದನ್ನು ಹೇಳಿ.’ ಕೆಳಗೆ ಹೆಸರು, ಊರು. ಅದರ ಕೆಳಗೆ ನಾನೂ ಒಂದನ್ನೇ ಒತ್ತಿದೆ.

ಸಮಿತಿ ಬಂದುಹೋಯಿತಂತೆ. ಶ್ರೀನಾಥ ಮಾತು ಬಿಟ್ಟಿದ್ದಾನೆ. ಹಾಸ್ಟೆಲ್ಲಿನ ಪುಟದಲ್ಲಿ ಮಾತ್ರ ಈಗ ಅರ್ಜಿಯೂ ಇದೆ, ವಾರ್ಡನ್ನರ ಮೊಬೈಲ್ ಸಂಖ್ಯೆಯೂ ಇದೆ. ಕರೆ ಮಾಡಿ ನೋಡಿದೆ, ಎತ್ತುತ್ತಾರೆ. ಒಬ್ಬ ಗೆಳೆಯನ ಮುನಿಸಿನಿಂದ ಯಾವುದೋ ಊರಿನ ಹುಡುಗಿಗೆ ಮೂರು ಬಸ್ಸು ಉಳಿಯುವುದಾದರೆ ಅವನು ಇನ್ನೂ ಸ್ವಲ್ಪ ದಿನ ಮುನಿಸಿಕೊಂಡೇ ಇರಲಿ.